ಆಮೇಲೇನಾಯ್ತು ಗೊತ್ತಾ?

ಸಂಜೆ ನಾಲ್ಕೂವರೆಗೆ ಶಾಲೆಯ ವ್ಯಾನು ಬೀದಿಯ ತಿರುವಿನಲ್ಲಿ ನಿಂತು ಮಗುವನ್ನು ಇಳಿಸಿ ಹೋಗುತ್ತದೆ. ಮಗುವಿನ ಜೊತೆಗೆ ಒಂದು ಕಥೆಯೂ ಇಳಿಯುತ್ತದೆ. ಬೆನ್ನಿನ ಚೀಲ ಅಮ್ಮನ ಕೈಗೆ ಬರುವ ಮೊದಲೇ ಅದು ಶುರುವಾಗಿರುತ್ತದೆ. ‘ಅಮ್ಮಾ, ಇವತ್ತೇನಾಯ್ತು ಗೊತ್ತಾ? ನನ್ ರಬ್ಬರ್ ಇತ್ತಲ್ಲ, ಆನೆ ರಬ್ಬರು, ಅದು ಕೆಳಗೆ ಬಿತ್ತು. ಬಿತ್ತಾ? ನಾನು ಬಗ್ಗಿದೆ. ಬಗ್ಗಿದ್ರೆ ಆಮೇಲೇನಾಯ್ತು ಗೊತ್ತಾ? ಅಲ್ಲೊಂದು ಇರುವೆ ಇತ್ತು...’ ರಬ್ಬರಿನ ಕಥೆ ಇರುವೆಯ ಬೆನ್ನು ಹತ್ತಿ ಪಕ್ಕದ ಬೆಂಚಿನ ಹುಡುಗನ ಊಟದ ಡಬ್ಬಿಗೆ ಹೋಗುತ್ತದೆ. ಡಬ್ಬಿಯಲ್ಲಿದ್ದ ಚಿತ್ರಾನ್ನದ ಕಡಲೆಬೀಜಗಳನ್ನು ಎಣಿಸುತ್ತದೆ. ಆ ಹುಡುಗನ ಅಕ್ಕನಿಗೆ ಹಲ್ಲು ಬಿದ್ದ ಸುದ್ದಿಯನ್ನು ವಿಚಾರಿಸಿಕೊಳ್ಳುತ್ತದೆ. ಮನೆಯ ಗೇಟು ಬಂದರೂ ರಬ್ಬರು ಇನ್ನೂ ಕ್ಲಾಸಿನ ನೆಲದ ಮೇಲೇ ಬಿದ್ದಿರುತ್ತದೆ.

ದೊಡ್ಡವರಿಗೆ ಇದೊಂದು ಸಣ್ಣ ಕಿರಿಕಿರಿ. ಹಾಲು ಒಲೆಯ ಮೇಲಿದೆ, ಆಫೀಸಿನ ಫೋನು ಬರುವುದಿದೆ, ಒಗೆದ ಬಟ್ಟೆ ಇನ್ನೂ ತಂತಿಯ ಮೇಲೇ ಇದೆ. ‘ಕೊನೆಗೆ ರಬ್ಬರ್ ಸಿಕ್ತೋ ಇಲ್ವೋ, ಅದನ್ನ ಹೇಳು ಪುಟ್ಟಾ’ ಎನ್ನುತ್ತಾರೆ. ಮಗುವಿಗೆ ಈ ಪ್ರಶ್ನೆಯೇ ಅರ್ಥವಾಗುವುದಿಲ್ಲ. ಅದು ರಬ್ಬರಿನ ವರದಿ ಕೊಡಲು ಬಂದದ್ದಲ್ಲ. ಬೆಳಗಿನಿಂದ ಅಮ್ಮ ಇಲ್ಲದೆ ಕಳೆದ ಅಷ್ಟೂ ಹೊತ್ತನ್ನು ಈಗ ಅಮ್ಮನ ಜೊತೆ ಇನ್ನೊಮ್ಮೆ ಕಳೆಯುವುದಕ್ಕೆ ಬಂದದ್ದು. ಹಾಗಾಗಿ ಯಾವುದನ್ನೂ ಬಿಡಲು ಅದಕ್ಕೆ ಮನಸ್ಸಿಲ್ಲ.

ಅಮ್ಮನ ಗಮನ ಎತ್ತಲೋ ಹೋಯಿತೆಂದು ಗೊತ್ತಾದರೆ ಮಗುವಿನ ಹತ್ತಿರ ಕೊನೆಯದೊಂದು ಉಪಾಯವಿದೆ. ಎರಡೂ ಅಂಗೈಯಲ್ಲಿ ಅಮ್ಮನ ಗದ್ದ ಹಿಡಿದು ಮುಖವನ್ನು ತನ್ನ ಕಡೆಗೆ ತಿರುಗಿಸಿಕೊಳ್ಳುತ್ತದೆ. ‘ಇಲ್ಲಿ ನೋಡು!’ ಕೇಳಿಸ್ತಿದೆ ಕಣೋ, ಹೇಳು ಎಂದರೆ ಒಪ್ಪುವುದಿಲ್ಲ. ಕಿವಿಯೊಂದೇ ಅದಕ್ಕೆ ಸಾಲದು, ಮುಖ ಬೇಕು.

ಮುಖ ಬೇಕೆನ್ನುವ ಈ ಹಟ ಮಾತು ಬರುವುದಕ್ಕಿಂತ ಎಷ್ಟೋ ಮೊದಲೇ ಶುರುವಾಗುತ್ತದೆ. ಅಮೆರಿಕದ ಮನೋವಿಜ್ಞಾನಿ ಎಡ್ವರ್ಡ್ ಟ್ರಾನಿಕ್ 1970ರ ದಶಕದಲ್ಲಿ ಇದನ್ನು ಬಹಳ ಸರಳವಾದ ಒಂದು ಪ್ರಯೋಗದಿಂದ ತೋರಿಸಿದರು. ತಾಯಿ ಮೊದಲು ತನ್ನ ಕೂಸಿನ ಜೊತೆ ಎಂದಿನಂತೆ ನಕ್ಕು ಆಡಬೇಕು. ಆಮೇಲೆ ಒಂದೆರಡು ನಿಮಿಷ ಅಲ್ಲೇ, ಎದುರಿಗೇ ಕೂತು, ಮುಖದಲ್ಲಿ ಯಾವ ಭಾವವನ್ನೂ ತೋರಿಸದೆ ಸುಮ್ಮನಿರಬೇಕು. ಅಷ್ಟೆ. ಅಮ್ಮ ಎಲ್ಲಿಗೂ ಹೋಗಿಲ್ಲ, ಗದರಿಲ್ಲ. ಆದರೂ ಕೂಸಿಗೆ ತಕ್ಷಣ ತಿಳಿಯುತ್ತದೆ. ಮೊದಲು ನಗುತ್ತದೆ, ಬೆರಳು ತೋರಿಸುತ್ತದೆ, ಕೈ ಚಾಚುತ್ತದೆ, ಕಿರುಚಿ ನೋಡುತ್ತದೆ. ತನಗೆ ಗೊತ್ತಿರುವ ವಿದ್ಯೆಯೆಲ್ಲ ಮುಗಿದ ಮೇಲೆ ಮುಖ ಅತ್ತ ತಿರುಗಿಸಿ, ಮೈ ಕುಗ್ಗಿಸಿ ಅಳುತ್ತದೆ. ಆ ಪ್ರಯೋಗದ ಚಿತ್ರಗಳನ್ನು ನೋಡುವವರಿಗೇ ಆ ಎರಡು ನಿಮಿಷ ಕಳೆಯುವುದು ಕಷ್ಟ. ಅಮ್ಮನ ಮುಖ ಮತ್ತೆ ಅರಳಿದಾಗ ಕೂಸು ಸುಧಾರಿಸಿಕೊಂಡು ಅವಳ ಜೊತೆ ರಾಜಿಯಾಗುವುದನ್ನು ಕಂಡರೆ ನೋಡುವವರಿಗೂ ಉಸಿರು ಬಂದಂತಾಗುತ್ತದೆ.

ಟ್ರಾನಿಕ್ ಅವರು ಕಂಡುಕೊಂಡ ಇನ್ನೊಂದು ಸಂಗತಿಯನ್ನು ಕೆಲಸದಿಂದ ದಣಿದು ಮನೆಗೆ ಬರುವ ಪ್ರತಿಯೊಬ್ಬ ತಾಯಿ ತಂದೆಗೂ ಹೇಳಬೇಕು. ಚೆನ್ನಾಗಿ ಹೊಂದಿಕೊಂಡ ತಾಯಿ ಮಗು ಕೂಡ ಒಬ್ಬರ ಭಾವಕ್ಕೆ ಇನ್ನೊಬ್ಬರು ಸರಿಯಾಗಿ ತಾಳ ಹಾಕುವುದು ಸುಮಾರು ಮೂರರಲ್ಲೊಂದು ಪಾಲು ಹೊತ್ತು ಮಾತ್ರ. ಉಳಿದ ಹೊತ್ತೆಲ್ಲ ತಾಳ ತಪ್ಪುವುದು, ಮತ್ತೆ ಹಿಡಿಯುವುದು, ಮತ್ತೆ ತಪ್ಪುವುದು. ಹೀಗೆ ತಪ್ಪಿದ್ದು ಮತ್ತೆ ಸರಿಹೋಗುತ್ತದೆ ಎಂಬ ನಂಬಿಕೆಯೇ ಕೂಸಿನ ಮನಸ್ಸಿನ ಬಲ. ಅಂದಮೇಲೆ ಒಲೆಯ ಮೇಲಿನ ಹಾಲನ್ನು ಇಳಿಸಿ ಬಂದು ‘ಹೂಂ, ಇರುವೆ ಇತ್ತು, ಆಮೇಲೆ?’ ಎಂದು ಕೇಳಿದರೂ ಕಥೆಗೆ ಏನೂ ಮೋಸವಾಗುವುದಿಲ್ಲ.

ಈ ‘ಹೂಂ’ ಕನ್ನಡದ ಮನೆಗಳಿಗೆ ಹೊಸದಲ್ಲ. ರಾತ್ರಿ ದೀಪ ಸಣ್ಣದು ಮಾಡಿದ ಮೇಲೆ ಅಜ್ಜಿ ‘ಒಂದಾನೊಂದು ಊರಲ್ಲಿ’ ಎಂದು ಶುರು ಮಾಡಿದರೆ ಹಾಸಿಗೆಯಲ್ಲಿದ್ದ ಮಕ್ಕಳು ಹೂಂಗುಡಬೇಕಿತ್ತು. ಹೂಂಗುಡುವವರಿಲ್ಲದೆ ಕಥೆ ಮುಂದೆ ಹೋಗುವಂತಿರಲಿಲ್ಲ. ಒಬ್ಬೊಬ್ಬರದೇ ಹೂಂ ಕ್ಷೀಣಿಸುತ್ತಾ ಬಂದು, ಕೊನೆಯದೂ ನಿಂತಾಗ, ರಾಜಕುಮಾರನನ್ನು ಏಳು ಸಮುದ್ರದ ನಡುವೆಯೇ ಬಿಟ್ಟು ಅಜ್ಜಿಯೂ ಮಲಗುತ್ತಿದ್ದಳು. ಹಗಲಲ್ಲಿ ಈ ಪಾಳಿ ಬದಲಾಗುತ್ತದೆ. ಕಥೆ ಹೇಳುವುದು ಮಗು, ಹೂಂಗುಡಬೇಕಾದವರು ದೊಡ್ಡವರು. ಅಜ್ಜಿಯರಿಗೆ ಇದು ಚೆನ್ನಾಗಿ ಗೊತ್ತಿತ್ತು. ಅವರೆಕಾಯಿ ಬಿಡಿಸುತ್ತಲೋ ಹೂಬತ್ತಿ ಹೊಸೆಯುತ್ತಲೋ ಗಂಟೆಗಟ್ಟಲೆ ಹೂಂಗುಡುತ್ತಿದ್ದರು. ಕೈಗೆ ಕೆಲಸವಿದ್ದರೂ ಮುಖ ಬಿಡುವಾಗಿರುತ್ತಿತ್ತು. ಕೈಯಲ್ಲಿ ಮೊಬೈಲಿದ್ದಾಗ ಅದೇ ಕಷ್ಟ, ಅದು ಕೈಯ ಜೊತೆ ಮುಖವನ್ನೂ ಕೇಳುತ್ತದೆ.

ಹೇಳದೆ ಉಳಿದ ಕಥೆಗೆ ಏನಾಗುತ್ತದೆ ಎಂಬುದಕ್ಕೂ ಕನ್ನಡದಲ್ಲೇ ಒಂದು ಕಥೆಯಿದೆ. ಎ.ಕೆ. ರಾಮಾನುಜನ್ ಸಂಗ್ರಹಿಸಿದ ಜನಪದ ಕಥೆ ಅದು. ಒಬ್ಬ ಗೃಹಿಣಿಗೆ ಒಂದು ಕಥೆ, ಒಂದು ಹಾಡು ಗೊತ್ತಿತ್ತು. ಅವಳು ಅವನ್ನು ಯಾರಿಗೂ ಹೇಳಲಿಲ್ಲ. ಒಳಗೇ ಸೆರೆಯಾಗಿದ್ದ ಅವಕ್ಕೆ ಉಸಿರುಕಟ್ಟಿತು. ಒಂದು ದಿನ ಅವಳು ಬಾಯಿ ತೆರೆದು ಮಲಗಿದ್ದಾಗ ಹೊರಗೆ ಬಂದವು. ಕಥೆ ಒಂದು ಜೊತೆ ಜೋಡಾಗಿ ಬಾಗಿಲಲ್ಲಿ ಕೂತಿತು, ಹಾಡು ಗಂಡಸಿನ ಅಂಗಿಯಾಗಿ ಗೂಟಕ್ಕೆ ನೇತುಹಾಕಿಕೊಂಡಿತು. ಮನೆಗೆ ಬಂದ ಗಂಡ ಯಾರು ಬಂದಿದ್ದರು ಎಂದು ಕೇಳಿದ. ಅವಳಿಗೆ ಗೊತ್ತಿಲ್ಲ. ಜಗಳವಾಯಿತು. ಅವನು ಮುನಿಸಿಕೊಂಡು ಹನುಮಂತನ ಗುಡಿಗೆ ಹೋಗಿ ಮಲಗಿದ. ಊರಿನ ಮನೆಗಳಲ್ಲಿ ದೀಪ ಆರಿಸಿದ ಮೇಲೆ ಜ್ಯೋತಿಗಳೆಲ್ಲ ಆ ಗುಡಿಯಲ್ಲಿ ಸೇರಿ ಹರಟುತ್ತಿದ್ದವು. ತಡವಾಗಿ ಬಂದ ತನ್ನ ಮನೆಯ ಜ್ಯೋತಿಯ ಬಾಯಿಂದ ಅವನಿಗೆ ನಿಜ ತಿಳಿಯಿತು. ಗಿರೀಶ ಕಾರ್ನಾಡರ ‘ನಾಗಮಂಡಲ’ ನಾಟಕದಲ್ಲಿ ಗುಡಿಗೆ ಬರುವ ಜ್ಯೋತಿಗಳು ಇದೇ ಕಥೆಯಿಂದ ಬಂದವು.

ಮಕ್ಕಳ ಆರೈಕೆಯ ಪುಸ್ತಕಗಳಲ್ಲಿ ಈ ಕಥೆ ಇರುವುದಿಲ್ಲ, ಇರಬೇಕಿತ್ತು. ಹೇಳಲಾಗದೆ ಒಳಗೆ ಉಳಿದದ್ದು ಇನ್ನೊಂದು ರೂಪದಲ್ಲಿ ಹೊರಬರುತ್ತದೆ ಎಂಬುದು ಮಕ್ಕಳ ವೈದ್ಯರಿಗೆ ದಿನನಿತ್ಯದ ಅನುಭವ. ಸೋಮವಾರ ಬೆಳಗ್ಗೆ ಮಾತ್ರ ಬರುವ ಹೊಟ್ಟೆನೋವು, ನಿಂತೇಹೋಗಿದ್ದ ಹಾಸಿಗೆ ಒದ್ದೆ ಮಾಡುವ ಅಭ್ಯಾಸ ಮತ್ತೆ ಶುರುವಾಗುವುದು, ಪುಟ್ಟ ತಂಗಿಯನ್ನು ಇದ್ದಕ್ಕಿದ್ದ ಹಾಗೆ ಚಿವುಟುವುದು. ಬಾಗಿಲಲ್ಲಿ ಗುರುತಿಲ್ಲದ ಜೋಡು ಕಂಡ ಗಂಡನ ಹಾಗೆ ಮನೆಯವರು ಗಾಬರಿಯಾಗುತ್ತಾರೆ, ಇದೆಲ್ಲಿಂದ ಬಂತು ಎಂದು.

ಜಪಾನಿನ ತೆತ್ಸುಕೋ ಕುರೊಯಾನಾಗಿ ಬಾಲ್ಯದಲ್ಲಿ ಇಂಥದೇ ಗಾಬರಿ ಹುಟ್ಟಿಸುವ ಹುಡುಗಿಯಾಗಿದ್ದಳು. ಒಂದನೇ ತರಗತಿಯಲ್ಲೇ ಶಾಲೆಯಿಂದ ಹೊರಗೆ ಹಾಕಿದ್ದರು. ಡೆಸ್ಕಿನ ಮುಚ್ಚಳವನ್ನು ನೂರು ಸಲ ತೆರೆದು ಮುಚ್ಚುವುದು, ಕಿಟಕಿಯ ಹತ್ತಿರ ನಿಂತು ಬೀದಿಯ ವಾದ್ಯದವರನ್ನು ಕರೆಯುವುದು, ಸೂರಿನಲ್ಲಿ ಗೂಡು ಕಟ್ಟುವ ಹಕ್ಕಿಯನ್ನು ಮಾತಾಡಿಸುವುದು ಅವಳ ತಪ್ಪುಗಳು. ಶಾಲೆಯವರು ಕಳಿಸಿಬಿಟ್ಟರು ಎಂಬುದನ್ನು ತಾಯಿ ಮಗಳಿಗೆ ಹೇಳಲಿಲ್ಲ, ಹೊಸ ಶಾಲೆ ನೋಡೋಣವಾ ಎಂದಷ್ಟೇ ಕೇಳಿದರು. ನಿಜ ಹೇಳಿದ್ದು ಮಗಳಿಗೆ ಇಪ್ಪತ್ತು ತುಂಬಿದ ಮೇಲೆ. ಆ ಮಗಳು ದೊಡ್ಡವಳಾಗಿ ಜಪಾನಿನ ಟೀವಿಯಲ್ಲಿ ಹೆಸರಾಗಿ, 1981ರಲ್ಲಿ ಹೊರತಂದ ‘ತೊತ್ತೋ-ಚಾನ್’ ಪುಸ್ತಕ ಕನ್ನಡಕ್ಕೂ ಬಂದಿದೆ. ಕರ್ನಾಟಕದ ಎಷ್ಟೋ ಮೇಷ್ಟರುಗಳ ಮನೆಯ ಕಪಾಟಿನಲ್ಲಿ ಅದು ಸವೆದ ಅಂಚಿನೊಂದಿಗೆ ಕೂತಿದೆ.

ತೋಕಿಯೋದ ಆ ಹೊಸ ಶಾಲೆಯ ಹೆಸರು ತೊಮೊಎ. ಹಳೆಯ ರೈಲುಡಬ್ಬಿಗಳೇ ತರಗತಿ. ಮುಖ್ಯೋಪಾಧ್ಯಾಯ ಸೊಸಾಕು ಕೊಬಾಯಾಶಿ ತಾಯಿಯನ್ನು ಮನೆಗೆ ಕಳಿಸಿ, ಕುರ್ಚಿಯನ್ನು ಹುಡುಗಿಯ ಹತ್ತಿರಕ್ಕೆ ಎಳೆದುಕೊಂಡು, ನಿನಗೆ ಏನು ಹೇಳಬೇಕೋ ಎಲ್ಲ ಹೇಳು ಎಂದರು. ಅವಳು ಬಂದ ರೈಲಿನ ವೇಗ ಹೇಳಿದಳು. ಹಳೆಯ ಶಾಲೆಯ ಟೀಚರು, ಮನೆಯ ನಾಯಿ, ಬಾಯಲ್ಲಿ ಕತ್ತರಿ ಆಡಿಸಿದ್ದು, ಮೂಗು ಸುರಿಸಿದರೆ ಅಮ್ಮ ಬಯ್ಯುವುದು, ಅಪ್ಪ ಚೆನ್ನಾಗಿ ಈಜುವುದು, ಎಲ್ಲ ಹೇಳಿದಳು. ಮುಖ್ಯೋಪಾಧ್ಯಾಯರು ನಕ್ಕರು, ತಲೆಯಾಡಿಸಿದರು, ‘ಆಮೇಲೆ?’ ಎಂದರು. ಅವಳ ಹತ್ತಿರ ಹೇಳುವುದೇ ಮುಗಿದುಹೋಗುವಷ್ಟು ಹೊತ್ತಿಗೆ ಮಧ್ಯಾಹ್ನದ ಊಟದ ಸಮಯವಾಗಿತ್ತು. ಸುಮಾರು ನಾಲ್ಕು ಗಂಟೆ. ಆ ಮನುಷ್ಯ ಒಮ್ಮೆಯೂ ಆಕಳಿಸಲಿಲ್ಲ. ಜೀವನದಲ್ಲಿ ಮತ್ತೆ ಯಾವ ದೊಡ್ಡವರೂ ತನ್ನ ಮಾತನ್ನು ಅಷ್ಟು ಹೊತ್ತು ಕೇಳಲಿಲ್ಲವೆಂದು ಆಕೆ ನೆನೆಯುತ್ತಾರೆ. ಶಾಲೆಗೆ ಸೇರಿಸಿಕೊಳ್ಳಲು ಎಲ್‌ಕೆಜಿ ಮಕ್ಕಳನ್ನು ಸಂದರ್ಶನ ಮಾಡುವ ನಮ್ಮ ಊರುಗಳಲ್ಲಿ ಈ ಪುಟವನ್ನು ಗೋಡೆಗೆ ಅಂಟಿಸಬೇಕು.

ಅದೇ ಪುಸ್ತಕದಲ್ಲಿ ಇನ್ನೊಂದು ಪ್ರಸಂಗವಿದೆ, ಪ್ರೀತಿಯಿಂದ ಓದುಗರು ಮತ್ತೆ ಮತ್ತೆ ಹೇಳಿಕೊಳ್ಳುವಂಥದು. ತೊತ್ತೋ-ಚಾನಳ (ಪುಸ್ತಕದಲ್ಲಿ ಪುಟ್ಟ ತೆತ್ಸುಕೋಳ ಹೆಸರು ಇದೇ) ಮೆಚ್ಚಿನ ಪರ್ಸು ಪಾಯಿಖಾನೆಯ ಗುಂಡಿಗೆ ಬೀಳುತ್ತದೆ. ಅವಳು ಉದ್ದ ಹಿಡಿಯ ಸೌಟು ತಂದು ಗುಂಡಿಯೊಳಗಿನದನ್ನೆಲ್ಲ ಮೊಗೆದು ಹೊರಗೆ ರಾಶಿ ಹಾಕತೊಡಗುತ್ತಾಳೆ. ಆ ದಾರಿಯಲ್ಲಿ ಬಂದ ಕೊಬಾಯಾಶಿ ಏನು ಮಾಡುತ್ತಿದ್ದೀ ಎಂದು ಕೇಳುತ್ತಾರೆ. ಪರ್ಸು ಹುಡುಕುತ್ತಿದ್ದೇನೆ ಎನ್ನುತ್ತಾಳೆ. ಹೌದಾ ಎಂದು ಕೈ ಹಿಂದೆ ಕಟ್ಟಿಕೊಂಡು ಹೋಗುತ್ತಾರೆ. ಸ್ವಲ್ಪ ಹೊತ್ತಿನ ಮೇಲೆ ಬಂದು ಸಿಕ್ಕಿತಾ ಎನ್ನುತ್ತಾರೆ. ಇಲ್ಲ. ಮುಗಿದ ಮೇಲೆ ಎಲ್ಲ ಒಳಗೆ ಹಾಕಿಬಿಡುತ್ತೀ ತಾನೆ ಎಂದು ಗೆಳೆಯನ ದನಿಯಲ್ಲಿ ಕೇಳಿ ಮತ್ತೆ ಹೊರಟುಹೋಗುತ್ತಾರೆ. ಪರ್ಸು ಸಿಗಲಿಲ್ಲ. ಆದರೆ ಹುಡುಕುವಷ್ಟೂ ಹುಡುಕಿದೆ ಎಂಬ ಸಮಾಧಾನ ಅವಳಿಗಿತ್ತು. ಎಲ್ಲವನ್ನೂ ವಾಪಸು ಗುಂಡಿಗೆ ಹಾಕಿದಳು. ಬಯ್ಯದೆ, ಸಹಾಯಕ್ಕೂ ಹೋಗದೆ, ಅವಳ ಕಷ್ಟವನ್ನು ಅವಳದೇ ಕೆಲಸವೆಂದು ಬಿಟ್ಟುಕೊಟ್ಟ ಆ ಗೌರವ ಯಾವ ಮುದ್ದಿಗೂ ಕಡಿಮೆಯದಲ್ಲ.

ಮಗು ಬಿದ್ದಾಗ ನಮ್ಮ ಕಡೆ ಬೇರೆಯದೇ ಕ್ರಮ. ಓಡುತ್ತಾ ಬಂದ ಮಗು ಎಡವಿ ಬಿದ್ದರೆ ಅಜ್ಜಿ ಎತ್ತಿಕೊಂಡು ಹೊಸ್ತಿಲಿಗೆ ಎರಡು ಪೆಟ್ಟು ಹಾಕುತ್ತಾಳೆ. ‘ನಮ್ ಕಂದನ್ನ ಬೀಳಿಸ್ತೀಯಾ?’ ಇಲ್ಲದಿದ್ದರೆ ನೆಲ ನೋಡಿ ‘ಅಯ್ಯಯ್ಯೋ, ಇರುವೆ ಸತ್ತೇಹೋಯ್ತಲ್ಲೋ!’ ಎನ್ನುತ್ತಾಳೆ. ಮಗು ಅಳುವನ್ನು ಅರ್ಧಕ್ಕೇ ನಿಲ್ಲಿಸಿ, ಕಣ್ಣಲ್ಲಿ ನೀರು ತುಂಬಿಕೊಂಡೇ, ಸತ್ತ ಇರುವೆಯನ್ನು ಹುಡುಕುತ್ತದೆ. ಇದರಲ್ಲಿ ದೊಡ್ಡ ಜಾಣತನವಿದೆ, ಮಂಡಿ ತರಚಿದ ಮಟ್ಟಿಗೆ. ಆದರೆ ಅಳುವಿನ ಕಾರಣ ದೊಡ್ಡದಿದ್ದಾಗಲೂ ದೊಡ್ಡವರು ಅದೇ ಇರುವೆಯನ್ನು ತೋರಿಸುತ್ತಾರೆ. ಜೀವದ ಗೆಳತಿ ಅಪ್ಪನ ವರ್ಗಾವಣೆಯಿಂದ ಬೇರೆ ಊರಿಗೆ ಹೋದಾಗ, ಸಾಕಿದ ನಾಯಿ ಸತ್ತಾಗ, ಅಜ್ಜ ತೀರಿಕೊಂಡಾಗ. ‘ಅಜ್ಜ ಊರಿಗೆ ಹೋಗಿದ್ದಾರೆ’ ಎಂದು ಹೇಳಿ, ಮಗುವನ್ನು ಪಕ್ಕದ ಮನೆಗೆ ಕಳಿಸಿ, ಶವ ತೆಗೆಯುತ್ತಾರೆ. ಮಗು ತಿಂಗಳುಗಟ್ಟಲೆ ಬಸ್ಸಿನ ಸದ್ದಿಗೆ ಕಿವಿಗೊಡುತ್ತದೆ. ಮನೆಯವರೆಲ್ಲ ಕೂಡಿ ಅತ್ತ ಆ ಅಳುವಿನಲ್ಲಿ ಅದಕ್ಕೆ ಪಾಲು ಕೊಡದೆ ಇದ್ದದ್ದು ಕರುಣೆಯಿಂದಲೇ, ಆದರೂ ಅದು ಅನ್ಯಾಯ. ಅಜ್ಜ ಸತ್ತುಹೋದರು, ಇನ್ನು ಬರುವುದಿಲ್ಲ, ನಮಗೂ ಅಳು ಬರುತ್ತಿದೆ ಎಂದು ಪಕ್ಕದಲ್ಲಿ ಕೂರಿಸಿಕೊಂಡು ಹೇಳಿದರೆ ಮಕ್ಕಳು ತಡೆದುಕೊಳ್ಳುತ್ತಾರೆ. ಒಬ್ಬರೇ ಊಹಿಸಿಕೊಳ್ಳುವುದು ಅವರಿಗೆ ಹೆಚ್ಚು ಭಾರ.

ಮಕ್ಕಳ ಅಳುವನ್ನು ಕೇಳಿಸಿಕೊಳ್ಳಲು ಪಶ್ಚಿಮದ ಆಸ್ಪತ್ರೆಗಳು ಕಲಿತದ್ದೂ ತಡವಾಗಿಯೇ. ಲಂಡನ್ನಿನ ಜೇಮ್ಸ್ ರಾಬರ್ಟ್‌ಸನ್ ಎರಡನೇ ಮಹಾಯುದ್ಧದ ಕಾಲದಲ್ಲಿ ಮನೋವಿಶ್ಲೇಷಕಿ ಅನ್ನಾ ಫ್ರಾಯ್ಡ್ ನಡೆಸುತ್ತಿದ್ದ ಶಿಶುಗೃಹದಲ್ಲಿ ಬಾಯ್ಲರು ನೋಡಿಕೊಳ್ಳುತ್ತಿದ್ದರು. ಅಲ್ಲಿ ಯಾವ ಕೆಲಸದವರೇ ಆಗಲಿ, ಮಕ್ಕಳಲ್ಲಿ ಕಂಡದ್ದನ್ನು ಚೀಟಿಯಲ್ಲಿ ಬರೆದಿಡಬೇಕಿತ್ತು. ಹಾಗೆ ನೋಡಲು ಕಲಿತ ರಾಬರ್ಟ್‌ಸನ್ 1952ರಲ್ಲಿ ಒಂದು ಚಲನಚಿತ್ರ ತೋರಿಸಿದರು. ಎರಡೂವರೆ ವರ್ಷದ ಲಾರಾ ಎಂಬ ಹುಡುಗಿ ಸಣ್ಣ ಶಸ್ತ್ರಚಿಕಿತ್ಸೆಗೆಂದು ಎಂಟು ದಿನ ಆಸ್ಪತ್ರೆಯಲ್ಲಿ ಒಂಟಿಯಾಗಿ ಇರುವ ಚಿತ್ರ. ಲಾರಾ ರಂಪ ಮಾಡುವವಳಲ್ಲ. ತುಟಿ ಬಿಗಿಹಿಡಿದು ಗೊಂಬೆಯನ್ನು ಅಪ್ಪಿಕೊಂಡು ಕೂರುತ್ತಾಳೆ. ಮನೆಗೆ ಹೊರಟ ದಿನ ಅಮ್ಮ ಚಾಚಿದ ಕೈಯನ್ನು ಅವಳು ಹಿಡಿಯುವುದಿಲ್ಲ. ಚಿತ್ರ ನೋಡಿದ ವೈದ್ಯರಲ್ಲಿ ಅನೇಕರು ಸಿಟ್ಟಿಗೆದ್ದರು. ಆದರೆ 1959ರಲ್ಲಿ ಬ್ರಿಟನ್ನಿನ ಪ್ಲಾಟ್ ಸಮಿತಿ, ಮಕ್ಕಳ ವಾರ್ಡಿಗೆ ತಾಯಿತಂದೆಯರು ಯಾವಾಗ ಬೇಕಾದರೂ ಬರಬಹುದು, ಪುಟ್ಟ ಮಕ್ಕಳ ಜೊತೆ ತಾಯಿ ಉಳಿಯಬಹುದು ಎಂದು ಶಿಫಾರಸು ಮಾಡಿತು.

ಕರ್ನಾಟಕದ ಯಾವುದೇ ಜಿಲ್ಲಾಸ್ಪತ್ರೆಯ ಮಕ್ಕಳ ವಾರ್ಡಿಗೆ ಹೋದರೂ ಮಂಚದ ಮೇಲೆ ಮಗುವಿನ ಜೊತೆ ಅಮ್ಮ ಕೂತಿರುತ್ತಾಳೆ. ಮಂಚದ ಕೆಳಗೆ ಚಾಪೆ, ಫ್ಲಾಸ್ಕು, ಗಂಜಿಯ ಪಾತ್ರೆ. ಅಪ್ಪ ಹೊರಗಿನ ವರಾಂಡದಲ್ಲಿ ಟವೆಲ್ ಹಾಸಿ ಮಲಗಿರುತ್ತಾನೆ. ದಾದಿಯರ ಕೊರತೆಯೂ ಇದಕ್ಕೆ ಒಂದು ಕಾರಣವಿರಬಹುದು. ಇದ್ದರೂ ಇರಲಿ. ಸೂಜಿ ಚುಚ್ಚುವಾಗ ಕೈ ಹಿಡಿದುಕೊಳ್ಳಲು ಒಂದು ಗುರುತಿನ ಕೈ ಇರುವುದು ಆ ಮಕ್ಕಳ ಭಾಗ್ಯ.

ಎಲ್ಲ ಮಕ್ಕಳಿಗೂ ಅಂಥ ಕೈ ಇರುವುದಿಲ್ಲವಲ್ಲ. ಪೋಲೆಂಡಿನ ವಾರ್ಸಾದಲ್ಲಿ 1912ರಿಂದ ಯಹೂದಿ ಅನಾಥ ಮಕ್ಕಳ ಆಶ್ರಮ ನಡೆಸಿದ ಯಾನುಷ್ ಕೋರ್ಚಾಕ್ ಮಕ್ಕಳ ವೈದ್ಯರು, ಲೇಖಕರು. ಅಷ್ಟು ಮಕ್ಕಳ ನಡುವೆ ಪ್ರತಿಯೊಬ್ಬರ ರಬ್ಬರು, ಇರುವೆಗಳ ಕಥೆ ಕೇಳಲು ಅವರಿಗಾದರೂ ಪುರುಸೊತ್ತೆಲ್ಲಿ? ಅವರು ಗೋಡೆಗೆ ಒಂದು ಅಂಚೆಪೆಟ್ಟಿಗೆ ಹಾಕಿಸಿದರು. ಹೇಳಬೇಕಾದ್ದನ್ನು ಮಕ್ಕಳು ಬರೆದು ಹಾಕಬಹುದಿತ್ತು, ಅವರು ಸಂಜೆ ಓದಿ ಉತ್ತರಿಸುತ್ತಿದ್ದರು. ಮಕ್ಕಳೇ ನ್ಯಾಯಾಧೀಶರಾಗಿರುವ ಒಂದು ನ್ಯಾಯಾಲಯವನ್ನೂ ಕಟ್ಟಿದರು. ದೊಡ್ಡವರ ಮೇಲೂ ಅಲ್ಲಿ ದೂರು ಕೊಡಬಹುದಿತ್ತು. ಅರ್ಧ ವರ್ಷದಲ್ಲಿ ಐದು ಸಲ ಕೋರ್ಚಾಕ್ ತಮ್ಮ ಮೇಲೆ ತಾವೇ ದೂರು ಕೊಟ್ಟುಕೊಂಡು ವಿಚಾರಣೆಗೆ ನಿಂತರು. 1926ರಲ್ಲಿ ಅವರು ಶುರು ಮಾಡಿದ ವಾರಪತ್ರಿಕೆ ತುಂಬಿದ್ದು ದೇಶದ ಎಲ್ಲೆಡೆಯಿಂದ ಮಕ್ಕಳು ಬರೆದ ಪತ್ರಗಳಿಂದ.

ನಾಜಿಗಳು ಆ ಮಕ್ಕಳನ್ನು ಘೆಟ್ಟೋದೊಳಗೆ ಕೂಡಿಹಾಕಿದ ಮೇಲೂ, 1942ರ ಜುಲೈನಲ್ಲಿ, ಆಶ್ರಮದಲ್ಲಿ ಒಂದು ನಾಟಕ ನಡೆಯಿತು. ರವೀಂದ್ರನಾಥ ಠಾಕೂರರ ‘ಡಾಕ್‌ಘರ್’. ಕಾಯಿಲೆಯಿಂದ ಹೊರಗೆ ಹೋಗಲಾರದ ಅಮಲ್ ಎಂಬ ಹುಡುಗ ಕಿಟಕಿಯಲ್ಲಿ ಕೂತು ಬೀದಿಯವರನ್ನೆಲ್ಲ ಕರೆದು ಮಾತಾಡಿಸುವ ನಾಟಕ. ಮೊಸರು ಮಾರುವವನು, ಕಾವಲುಗಾರ, ಹೂವಿನ ಹುಡುಗಿ, ಎಲ್ಲರೂ ಅವಸರದಲ್ಲಿರುವವರೇ, ಆದರೂ ಅವನ ಕಿಟಕಿಯ ಹತ್ತಿರ ನಿಲ್ಲುತ್ತಾರೆ. ಬಂಗಾಳದ ಒಂದು ಕಿಟಕಿ ವಾರ್ಸಾದ ಆ ಮಕ್ಕಳಿಗೆ ಬೇಕಾಯಿತು. ಮುಂದಿನ ತಿಂಗಳು ಸುಮಾರು 200 ಮಕ್ಕಳನ್ನು ಟ್ರೆಬ್ಲಿಂಕಾದ ಸಾವಿನ ಶಿಬಿರಕ್ಕೆ ಒಯ್ದಾಗ ಕೋರ್ಚಾಕ್ ಅವರ ಜೊತೆಗೇ ಹೋದರು. ತಪ್ಪಿಸಿಕೊಳ್ಳುವ ದಾರಿಗಳಿದ್ದವು, ಅವರು ಒಪ್ಪಲಿಲ್ಲ.

ಆ ಅಂಚೆಪೆಟ್ಟಿಗೆಗೆ ನಮ್ಮ ದೇಶದಲ್ಲೂ ಸೋದರ ಸಂಬಂಧಿಗಳಿವೆ. ಮುಂಬಯಿಯಲ್ಲಿ 1996ರಲ್ಲಿ ಬೀದಿಮಕ್ಕಳಿಗಾಗಿ ಶುರುವಾದ 1098 ಸಹಾಯವಾಣಿ ಈಗ ಕರ್ನಾಟಕದ ಮಕ್ಕಳಿಗೂ ಗೊತ್ತು, ಪಠ್ಯಪುಸ್ತಕಗಳ ರಕ್ಷಾಪುಟದಲ್ಲೂ ಶಾಲೆಯ ಗೋಡೆಯ ಮೇಲೂ ಆ ಸಂಖ್ಯೆ ಇರುತ್ತದೆ. ಅಲ್ಲಿಗೆ ಬರುವ ಕರೆಗಳಲ್ಲಿ ಒಂದು ಬಗೆಗೆ ಮೌನ ಕರೆ ಎಂದೇ ಹೆಸರು. ಆ ಕಡೆ ಮಗು ಇದೆ, ಉಸಿರು ಕೇಳುತ್ತದೆ, ಮಾತಿಲ್ಲ. ಫೋನೆತ್ತಿದವರು ಇಟ್ಟುಬಿಡುವಂತಿಲ್ಲ, ಕಾಯಬೇಕು. ಇವತ್ತು ಮಾತಾಡದ ಮಗು ನಾಳೆ ಮತ್ತೆ ಕರೆ ಮಾಡಬಹುದು.

ಹಳ್ಳಿಗಳಲ್ಲಿ ಮಕ್ಕಳ ಗ್ರಾಮಸಭೆಗಳಿವೆ. 1990ರ ದಶಕದಲ್ಲಿ ಕುಂದಾಪುರದ ಸುತ್ತಿನ ಹಳ್ಳಿಗಳಲ್ಲಿ ಮಕ್ಕಳ ಪಂಚಾಯಿತಿಗಳು ನಡೆದಿದ್ದವು. ಈಗ ರಾಜ್ಯದ ಗ್ರಾಮ ಪಂಚಾಯಿತಿಗಳು ವರ್ಷಕ್ಕೊಮ್ಮೆ ಮಕ್ಕಳನ್ನು ಕರೆದು ಕೂರಿಸಿ ಕೇಳಬೇಕು. ಐದನೇ ಕ್ಲಾಸಿನ ಹುಡುಗಿ ಮೈಕಿನ ಮುಂದೆ ನಿಂತು, ಪಕ್ಕದವಳು ಬೆನ್ನಿಗೆ ತಿವಿದ ಮೇಲೆ ಬಾಯಿ ಬಿಡುತ್ತಾಳೆ. ಶುರುವಾದರೆ ನಿಲ್ಲುವುದಿಲ್ಲ, ದಾರಿಯ ನಾಯಿ, ಬಿಸಿಯೂಟದ ಸಾರು, ಅಜ್ಜಿಯ ಮಂಡಿನೋವು ಎಲ್ಲ ಬರುತ್ತವೆ. ಮುಂದೆ ಕೂತ ಅಧ್ಯಕ್ಷರು, ಪಿಡಿಒ, ಅಂಗನವಾಡಿ ಟೀಚರು ಅದನ್ನು ಪೂರ್ತಿ ಕೇಳಿಸಿಕೊಂಡಾಗಲೇ ಅದರೊಳಗಿಂದ ಆ ಊರಿನ ಪಟ್ಟಿ ಸಿಗುವುದು: ಶಾಲೆ ಬಿಡುವ ಹೊತ್ತಿಗೆ ಬಸ್ಸು, ಹುಡುಗಿಯರ ಶೌಚಾಲಯಕ್ಕೆ ಬಾಗಿಲು ಮತ್ತು ನೀರು, ಆಟದ ಮೈದಾನಕ್ಕೆ ಬೇಲಿ, ಹಳ್ಳಕ್ಕೆ ಒಂದು ಕಾಲುಸಂಕ. ಕರಾವಳಿ, ಮಲೆನಾಡಿನ ಮಕ್ಕಳು ಕಾಲುಸಂಕವನ್ನು ಮತ್ತೆ ಮತ್ತೆ ಕೇಳಿದ್ದಾರೆ. ದೊಡ್ಡವರು ಸೊಂಟದ ಮಟ್ಟದ ನೀರಿನಲ್ಲಿ ದಾಟಿಬಿಡುವ ಹಳ್ಳ ಅವರಿಗೆ ಕುತ್ತಿಗೆಯವರೆಗೆ ಬರುತ್ತದೆ. ಕಿರಿಯವರನ್ನು ಕೈಹಿಡಿದು ದಾಟಿಸುವವರೂ ಅವರೇ. ಉಳಿದದ್ದಕ್ಕೆ ಮುಂದಿನ ವರ್ಷದ ಅನುದಾನ ನೋಡಬಹುದು. ಕಾಲುಸಂಕ ಮಾತ್ರ ಈ ಮಳೆ ಹಿಡಿಯುವ ಮೊದಲೇ ಆಗಬೇಕು.